ಹಗ್ಗದ ಆಚೆ

ಇನ್ನೊಂದು ಬಳೆಯೂ ಒಡೆಯಿತು. ಭವ್ಯ ತಾಯಿಯ ಕೈಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟು ಗಾಜಿನ ಚೂರುಗಳನ್ನು ಆಯತೊಡಗಿದಳು.

"ಸೋಪು ಇನ್ನಷ್ಟು ಹಚ್ಚು," ಎಂದಳು ಸೀತಕ್ಕ. "ಮುತ್ತೈದೆ ಸಾವು ಮಾರಾಯ್ತಿ, ಬರಿಗೈಲಿ ಕಳಿಸಕ್ಕಾಗ್ತದಾ? ಈ ಕೈ ನೋಡು, ದೋಸೆ ಹಿಟ್ಟು ಉಬ್ಬಿದಂಗೆ ಉಬ್ಬಿದೆ."

"ಸಾಕು ಬಿಡು ಸೀತಕ್ಕ. ನೋವಾಗ್ತದೆ."

ಅಂದ ಮೇಲೆ ಭವ್ಯಳಿಗೆ ತನ್ನ ಮಾತು ತನಗೇ ಕೇಳಿಸಿತು. ಒಂದೇ ಒಂದು ಹಸಿರು ಬಳೆ ಹೇಗೋ ಗೆಣ್ಣು ದಾಟಿತ್ತು. ಅಷ್ಟಕ್ಕೇ ಬಿಟ್ಟು ಸೀತಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಜಲಜಮ್ಮ ಬೆಳಗಿನ ಜಾವ ಬಂಗಲೆಯ ಅಡುಗೆಮನೆಯಲ್ಲಿ ಅಕ್ಕಿರೊಟ್ಟಿಗೆ ನೀರು ಕುದಿಯಲಿಟ್ಟು ಒಲೆಯ ಮುಂದೆಯೇ ಕುಸಿದಿದ್ದಳು. ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ಭವ್ಯ ನರಸಿಂಹರಾಜಪುರದ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು, ಮಾತ್ರೆ ತಂದುಕೊಡುತ್ತಿದ್ದಳು. ಆ ಮಾತ್ರೆಗಳಿಂದ ಏನೂ ಆಗುವುದಿಲ್ಲ ಎಂಬುದು ತಾಯಿ ಮಗಳು ಇಬ್ಬರಿಗೂ ಗೊತ್ತಿತ್ತು.

ಭದ್ರಾ ಹಿನ್ನೀರಿನ ಅಂಚಿನ ಗುಡ್ಡದ ಮೇಲೆ ಮಹಾರಾಜರ ಕಾಲದ ಆ ಪ್ರವಾಸಿ ಬಂಗಲೆ. ಜಲಜಮ್ಮ ಅಲ್ಲಿಯ ಅಡುಗೆಯವಳು, ಸೀತಕ್ಕ ಕಸಗುಡಿಸುವವಳು. ಬಂಗಲೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸೇ ಜಲಜಮ್ಮನ ಮನೆ. ಗುಡ್ಡದ ಕೆಳಗೆ, ಬೇಸಿಗೆಯಲ್ಲಿ ನೀರು ಇಳಿದಾಗ ಹೊರಬರುವ ಮರಳಿನ ದಂಡೆ. ಎಡಗಡೆಯದು ಜನಕ್ಕೆ: ಈಜು, ಪೆಡಲ್ ಬೋಟು, ಚರುಮುರಿ ಗಾಡಿ. ಬಲಗಡೆಯ ತುದಿ ಮೊಟ್ಟೆಯಿಡಲು ಬರುವ ಹಕ್ಕಿಗಳಿಗೆ. ನಡುವೆ ಒಂದು ಹಗ್ಗ, ಒಂದು ಬೋರ್ಡು. ಆ ಹಗ್ಗ ಕಾಯುವ ವಾಚರ್ ಭವ್ಯಳ ಅಪ್ಪ ಕೃಷ್ಣಪ್ಪ.

ಅಂಗಳದಲ್ಲಿ ದನಿಗಳು ಏರಿದವು. ಜಲಜಮ್ಮನ ತಮ್ಮ ವೆಂಕಟಯ್ಯ ಮೆಣಸೆಯಿಂದ ಪಿಕಪ್ಪಿನಲ್ಲಿ ಮಾವಿನ ಕಟ್ಟಿಗೆ ಹೇರಿಸಿಕೊಂಡು ಬಂದಿದ್ದ.

"ಎಲ್ಲಿಗೆ ಹೊಡೀಬೇಕು ಅಂತ ಹೇಳಿ ಬಾವ. ಡ್ರೈವರ್ ಆಗ್ಲಿಂದ ಕೇಳ್ತಿದಾನೆ."

"ಪೇಟೆ ಸ್ಮಶಾನಕ್ಕೆ," ಎಂದ ಕೃಷ್ಣಪ್ಪ.

"ಅಕ್ಕ ಎಲ್ಲಿ ಅಂದಿದ್ಲು?"

ಕೃಷ್ಣಪ್ಪ ದಂಡೆಯ ಕಡೆ ನೋಡಿದ.

"ಅಂದಿದ್ಲೋ ಇಲ್ವೋ? ದೀಪಾವಳಿಗೆ ಬಂದಾಗ ನನ್ ಹೆಂಡ್ತಿ ಮುಂದೂ ಅಂದಿದಾಳೆ. ದಂಡೆ ಮೇಲೆ, ಮಗನ ಪಕ್ಕ ಹಾಕಿ ಅಂತ."

"ಅಲ್ಲಿ ಮೊಟ್ಟೆ ಇದಾವೆ ವೆಂಕಟಯ್ಯ."

"ಎಂತ?"

"ಮೊಟ್ಟೆ. ರೀವ ಹಕ್ಕಿದು. ಗೂಡು ಗೀಡು ಇಲ್ಲ, ಬರೀ ಮರಳ ಮೇಲೆ ಇಡ್ತಾವೆ. ಹೊಗೆ ಎದ್ರೆ ಹಕ್ಕಿ ಏಳ್ತಾವೆ. ಹಕ್ಕಿ ಎದ್ರೆ ಮೊಟ್ಟೆಗೆ ನೆರಳು ಹೋಯ್ತು. ಈ ಬಿಸ್ಲಿಗೆ ಬೆಂದೇ ಹೋಗ್ತಾವೆ."

ಕೊಪ್ಪದಿಂದ ಬಂದಿದ್ದ ಮುದುಕರೊಬ್ಬರು ಎಲೆ ಅಗಿಯುವುದನ್ನು ನಿಲ್ಲಿಸಿ ಕೃಷ್ಣಪ್ಪನ ಮುಖ ನೋಡಿದರು.

"ಒಳಗೆ ಹೆಂಡ್ತಿ ಹೆಣ ಮಲಗಿದೆ," ಎಂದ ವೆಂಕಟಯ್ಯ. "ನೀವು ಹಕ್ಕಿ ಬಾಣಂತನ ಮಾಡ್ತಾ ಕೂತಿದೀರಲ್ಲ ಮಾರಾಯ್ರೆ!"

*

ಭವ್ಯಳಿಗೆ ಆರು ತುಂಬಿದ ಬೇಸಿಗೆಯಲ್ಲಿ ತಮ್ಮ ಹುಟ್ಟಿದ್ದ. ಹೆಸರಿಡುವ ಮೊದಲೇ ಹೋದ. ಕೂಸುಗಳನ್ನು ಸುಡುವುದಿಲ್ಲ, ಹೂಳುತ್ತಾರೆ. ಗುಡ್ಡವೆಲ್ಲ ಜಂಬಿಟ್ಟಿಗೆ, ಹಾರೆ ಹಾಕಿದರೆ ಕಿಡಿ ಏಳುವ ನೆಲ. ಮೆತ್ತಗಿದ್ದದ್ದು ದಂಡೆ ಒಂದೇ. ಕೃಷ್ಣಪ್ಪ ಅದರ ತುದಿಯಲ್ಲಿ ಅಗೆದು, ಮಗುವನ್ನಿಟ್ಟು, ಮೇಲೊಂದು ಚಪ್ಪಟೆ ಕಲ್ಲು ಎಳೆದು ಬಂದ.

ಮಳೆಗಾಲ ಹಿಡಿದು ನೀರು ಏರಿತು. ಜಲಜಮ್ಮ ಬಂಗಲೆಯ ವರಾಂಡದಲ್ಲಿ ನಿಂತು ನೋಡಿದಳು. "ಇವತ್ತು ಅವನಿಗೆ ನೀರು ಬಂತು," ಎಂದಳು. ಆಮೇಲೆ ಒಳಗೆ ಹೋಗಿ ಮೀನು ಹುರಿದಳು, ಅತಿಥಿಗಳಿದ್ದರು.

ಉಳಿದ ಹೆಂಗಸರು ಬೇಸಿಗೆಗೆ ತವರಿಗೆ ಹೋಗುತ್ತಿದ್ದರು. ಜಲಜಮ್ಮ ಕಲ್ಲು ಕಾಣಿಸಿಕೊಂಡ ದಿನ ಒಂದು ಲೋಟ ಹಾಲು ಹಿಡಿದು ದಂಡೆಗಿಳಿಯುತ್ತಿದ್ದಳು. ಕಲ್ಲಿಗೆ ಹತ್ತಿದ ಕೆಸರನ್ನು ಸೆರಗಿನಿಂದ ಒರೆಸಿ, ಹಾಲು ಹೊಯ್ದು, ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು. ಏನು ಮಾತಾಡುತ್ತಿದ್ದಳೋ, ಭವ್ಯ ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಿದ್ದಳು.

ನಾಲ್ಕು ವರ್ಷದ ಕೆಳಗೆ ಹಕ್ಕಿಗಳು ಅದೇ ತುದಿಗೆ ಬಂದವು. ಕರಿ ತಲೆ, ಹಳದಿ ಕೊಕ್ಕು, ಕತ್ತರಿಯಂಥ ಬಾಲ. ಹಿಂದೆಯೇ ಅರಣ್ಯ ಇಲಾಖೆಯವರೂ ಬಂದು ಹಗ್ಗ ಕಟ್ಟಿದರು. ಅಡಿಕೆ ಗೊನೆ ತೆಗೆಯಲು ಹೋಗಿ ಮರದಿಂದ ಬಿದ್ದು ಸೊಂಟ ಕೆಡಿಸಿಕೊಂಡಿದ್ದ ಕೃಷ್ಣಪ್ಪನಿಗೆ ವಾಚರ್ ಕೆಲಸ ಸಿಕ್ಕಿತು. ನೀರು ಇಳಿದಾಗ ಹಕ್ಕಿ. ಮರಿಗಳು ಹಾರುವಷ್ಟರಲ್ಲಿ ಮಳೆ, ಮಳೆಯ ಬೆನ್ನಿಗೆ ನೀರು. ಕಲ್ಲು ಹೊರಗಿದ್ದಷ್ಟು ದಿನವೂ ಹಗ್ಗ ಇರುತ್ತಿತ್ತು.

ಆ ಮೊದಲ ಬೇಸಿಗೆ ಜಲಜಮ್ಮ ಹಾಲಿನ ಲೋಟ ಹಿಡಿದು ಹಗ್ಗದಡಿ ಬಗ್ಗಿ ದಾಟಿದಳು. ಭಾನುವಾರ, ದಂಡೆ ತುಂಬ ಜನ. ಹಕ್ಕಿಗಳು ಕಿರುಚುತ್ತ ಎದ್ದವು. ಕೃಷ್ಣಪ್ಪ ಸೀಟಿ ಊದಿದ. ಅವಳು ನಿಲ್ಲಲಿಲ್ಲ. ಇನ್ನೊಮ್ಮೆ ಊದಿದ.

"ಏಯ್! ಹೊರಗೆ ಬಾ! ಬೋರ್ಡು ಕಾಣಲ್ವಾ?"

"ಅಜ್ಜಿ, ಫೈನ್ ಹಾಕ್ತಾರೆ," ಎಂದು ಯಾರೋ ಹುಡುಗರು ನಕ್ಕರು.

ಅವಳು ಹಿಂದಿರುಗಿ, ಹಾಲು ತುಳುಕದ ಹಾಗೆ ಗುಡ್ಡ ಹತ್ತಿ ಬಂದು, ಅದನ್ನು ಅತಿಥಿಗಳ ಚಹಾಕ್ಕೆ ಸುರಿದಳು.

"ನಿಂಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕಾಗ್ತದೆ," ಎಂದ ಕೃಷ್ಣಪ್ಪ ಊಟಕ್ಕೆ ಕೂತಾಗ.

"ನಾನೆಲ್ಲಿ ಕೇಳ್ದೆ?" ಎಂದು ಅವಳು ಸಾರು ಬಡಿಸಿದಳು.

ಮತ್ತೆ ಕೇಳಲೇ ಇಲ್ಲ. ಆದರೆ ಪ್ರತಿ ಬೇಸಿಗೆಯೂ ಊಟದ ಹೊತ್ತಿಗೆ ಅವನು, "ಕಲ್ಲು ಸರಿ ಇದೆ. ಇವತ್ತು ನೋಡ್ದೆ," ಎನ್ನುತ್ತಿದ್ದ. ಅವಳು ಹೂಂ ಎಂದೂ ಅನ್ನುತ್ತಿರಲಿಲ್ಲ.

*

ಬಂಗಲೆಯ ಮ್ಯಾನೇಜರ್ ರಾಜಶೇಖರ್ ಅಂಗಳದ ಅಂಚಿಗೆ ಬಂದು ನಿಂತ. ಪಾಪ, ಅವನಿಗೂ ನಿದ್ದೆಯಿರಲಿಲ್ಲ. ಒಲೆಯ ಮುಂದಿನಿಂದ ಜಲಜಮ್ಮನನ್ನು ಎತ್ತಿದವನು ಅವನೇ.

"ರೂಮಿನವರು ತಿಂಡಿ ಕೇಳ್ತಿದಾರೆ. ಬ್ರೆಡ್ ಕೊಡ್ತೀನಿ ಅಂದೆ. ಜಲಜಕ್ಕನ ಅಕ್ಕಿರೊಟ್ಟಿ ಇಲ್ವಾ ಅಂದ ಒಬ್ಬ. ಏನಂತ ಹೇಳ್ಲಿ?"

"ಅಕ್ಕಿರೊಟ್ಟಿ ಸತ್ತೋಯ್ತು ಅಂತ ಹೇಳಿ," ಎಂದ ವೆಂಕಟಯ್ಯ.

ಯಾರೋ ನಕ್ಕು, ನಕ್ಕದ್ದಕ್ಕೆ ಕೆಮ್ಮಿದರು.

ಕೃಷ್ಣಪ್ಪನ ಫೋನು ಬಡಿದುಕೊಂಡಿತು. ಫಾರೆಸ್ಟರ್ ನವೀನ. ಅವನ ದನಿ ಅಂಗಳಕ್ಕೆಲ್ಲ ಕೇಳುವಷ್ಟು ದೊಡ್ಡದು.

"ಕೃಷ್ಣಪ್ಪ, ರಾಜಶೇಖರ್ ಎಲ್ಲ ಹೇಳಿದ್ರು. ನಿನ್ ವಿಷಯ ಬೇರೆ ಮಾರಾಯ. ಬೇಗ ಮುಗಿಸ್ಕೊ. ನಾನಿವತ್ತು ಆ ಕಡೆ ತಲೆ ಹಾಕಲ್ಲ."

"ಅಲ್ಲ ಸಾರ್, ಮೊಟ್ಟೆ..."

"ಮೊಟ್ಟೆ ಬರೋ ವರ್ಷಾನೂ ಇಡ್ತಾವೆ."

ಫೋನು ಇಟ್ಟ ಮೇಲೂ ಕೃಷ್ಣಪ್ಪ ಅದನ್ನು ಕಿವಿಗೆ ಹಿಡಿದುಕೊಂಡೇ ಇದ್ದ. ಅವನಿಗೆ ಬೇಕಿದ್ದದ್ದು ಬೇಡ ಎನ್ನುವವರು. ಇಲಾಖೆಯೂ ಬೇಡ ಎನ್ನಲಿಲ್ಲ.

"ಸಂಜೆ ಬಿಸಿಲು ಇಳಿದ ಮೇಲೆ ಮಾಡಾಣ," ಎಂದ ಕೊನೆಗೆ. "ತಂಪಾದ ಮೇಲೆ ಹಕ್ಕಿ ಎದ್ರೂ ಪರವಾಗಿಲ್ಲ."

ಸೀತಕ್ಕ ಬಾಗಿಲಿಗೆ ಬಂದಳು. ದನಿ ತಗ್ಗಿಸಿ, "ಸಂಜೆವರೆಗೆ ಇಡಕ್ಕಾಗಲ್ಲ ಅಣ್ಣ," ಎಂದಳು. "ನೀರು ತುಂಬಿದ ಮೈ. ಆಗ್ಲೇ ಚಾಪೆ ಒದ್ದೆಯಾಗ್ತಿದೆ."

ಭವ್ಯ ಅವಳ ಹಿಂದಿನಿಂದ ಹೊರಗೆ ಬಂದಳು. ಕೈಯಲ್ಲಿ ಇನ್ನೂ ಬಳೆಚೂರುಗಳಿದ್ದವು. ಬೆಳಗಿನಿಂದ ಅಪ್ಪನ ಹತ್ತಿರ ಅವಳು ಮಾತಾಡಿರಲಿಲ್ಲ. ಈ ನಾಲ್ಕು ವರ್ಷದಲ್ಲೇ ಹೆಚ್ಚೇನೂ ಮಾತಾಡಿರಲಿಲ್ಲ.

"ಅಪ್ಪ," ಎಂದಳು. "ಇದೊಂದು ಸಲ ಅಮ್ಮನ್ನ ಒಳಗೆ ಬಿಡು."

ಕೃಷ್ಣಪ್ಪ ಮಗಳನ್ನು ನೋಡಿದ. ಎದ್ದು ಒಬ್ಬನೇ ಗುಡ್ಡ ಇಳಿದುಹೋದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಪಿಕಪ್ಪಿನವನಿಗೆ ಕೈ ಬೀಸುತ್ತಿರುವುದು ಕಾಣಿಸಿತು. ಹಗ್ಗ ಬಿಚ್ಚಿ ಮರಳ ಮೇಲೆ ಬಿದ್ದಿತ್ತು.

*

ಹೆಂಗಸರು ಗೇಟಿನವರೆಗೆ ಹೋಗಿ ನಿಂತರು. ಹೆಣ ಗುಡ್ಡ ಇಳಿಯಿತು. ಸೀತಕ್ಕ ಅಂಗಳಕ್ಕೆ ಸಗಣಿ ನೀರು ಹಾಕಲು ಹೋದಳು. ಭವ್ಯ ಸ್ನಾನಕ್ಕೆ ಹೋಗದೆ ಬಂಗಲೆಯ ಮುಂದಿನ ವರಾಂಡಕ್ಕೆ ಬಂದಳು. ಬೆತ್ತದ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತಿದ್ದ ಅತಿಥಿಯೊಬ್ಬ ಅವಳ ಕೆದರಿದ ತಲೆ, ಒದ್ದೆ ಸೀರೆ ನೋಡಿ ಎದ್ದು ಒಳಗೆ ಹೋದ.

ಅಲ್ಲಿಂದ ದಂಡೆಯೆಲ್ಲ ಕಾಣುತ್ತಿತ್ತು. ಎಡಗಡೆ ಈಜುತ್ತಿದ್ದವರು ಸೊಂಟದುದ್ದ ನೀರಿನಲ್ಲೇ ನಿಂತು ನೋಡಿದರು. ಯಾರೋ ಹಾಡು ನಿಲ್ಲಿಸಿದರು. ಒಂದು ಪೆಡಲ್ ಬೋಟು ಮಾತ್ರ ಗೊತ್ತಾಗದೆ ಸುತ್ತುತ್ತಲೇ ಇತ್ತು.

ಬಲಗಡೆ ತುದಿಯಲ್ಲಿ ಕಲ್ಲಿನ ಪಕ್ಕಕ್ಕೆ ಕಟ್ಟಿಗೆ ಒಟ್ಟಿದ್ದರು. ಜನ ಹತ್ತಿರವಾದಂತೆ ಹಕ್ಕಿಗಳು ಒಂದೊಂದಾಗಿ ಎದ್ದವು. ಬೆಂಕಿ ಹತ್ತಿದಾಗ ಒಟ್ಟಿಗೇ ಎದ್ದವು. ಮರಳೇ ಎದ್ದು ಹೋದ ಹಾಗಿತ್ತು. ಆ ಕಿರುಚಾಟ ವರಾಂಡದವರೆಗೂ ಬಂತು.

ಭವ್ಯ ಕಂಬ ಹಿಡಿದು ನಿಂತಳು. ಅಮ್ಮ ಕೇಳಿದ ಜಾಗ ಸಿಕ್ಕಿತು ಎಂದುಕೊಂಡಳು. ಆ ಮಾತನ್ನು ಮನಸ್ಸಿನಲ್ಲೇ ಎರಡು ಮೂರು ಸಲ ಅಂದುಕೊಂಡಳು. ಏನೂ ಆಗಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ವರಾಂಡದ ಕಲ್ಲುಹಾಸೇ ಅಂಗಾಲು ಸುಡುತ್ತಿತ್ತು.

ಕೃಷ್ಣಪ್ಪ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಸುತ್ತಿದ, ಬೆನ್ನ ಹಿಂದಕ್ಕೆ ಬೀಳಿಸಿ ಒಡೆದ. ಮಡಕೆ ಒಡೆದ ಮೇಲೆ ತಿರುಗಿ ನೋಡುವಂತಿಲ್ಲ. ಗಂಡಸರೆಲ್ಲ ಸಾಲಾಗಿ ಗುಡ್ಡದ ಕಡೆ ಹೊರಟರು. ಮುಂದೆ ಅವನು, ಒದ್ದೆ ಪಂಚೆ, ಹೆಗಲ ಮೇಲೆ ಮೈ ಒರೆಸುವ ಒದ್ದೆ ಬೈರಾಸು. ವೆಂಕಟಯ್ಯ ಅವನ ತೋಳು ಹಿಡಿದುಕೊಂಡಿದ್ದ.

ಹಗ್ಗ ಬಿದ್ದಿದ್ದ ಕಡೆಗೆ ಬಂದಾಗ ಕೃಷ್ಣಪ್ಪ ನಿಂತ. ತೋಳು ಬಿಡಿಸಿಕೊಂಡ. ತಿರುಗಿದ.

"ಅಯ್ಯೋ, ತಿರುಗ್ಬಾರ್ದು ಅಂತ ಹೇಳೋರಿಲ್ವಾ ಅಲ್ಲಿ!" ಎಂದಳು ಸೀತಕ್ಕ. ಪೊರಕೆ ಹಿಡಿದುಕೊಂಡೇ ಅವಳೂ ಬಂದು ನಿಂತಿದ್ದಳು.

ಭವ್ಯ ಕಂಬ ಬಿಟ್ಟು ಮುಂದೆ ಬಂದಳು. ಸೊಂಟ ಹಿಡಿದುಕೊಂಡು ಅಪ್ಪ ಮರಳಿನಲ್ಲಿ ಓಡುತ್ತಿದ್ದ. ಅಮ್ಮನ ಹತ್ತಿರ ಹೋಗುತ್ತಿದ್ದಾನೆ, ಈಗಲಾದರೂ ಹೋಗುತ್ತಿದ್ದಾನೆ.

ಕೃಷ್ಣಪ್ಪ ಚಿತೆಯ ಹತ್ತಿರ ಬಂದ. ನಿಲ್ಲದೆ ಅದನ್ನು ದಾಟಿದ. ಆಚೆಗಿನ ಬರೀ ಮರಳಿನಲ್ಲಿ ಏನನ್ನೋ ಹುಡುಕಿ ಮೊಣಕಾಲೂರಿ, ಬೈರಾಸನ್ನು ಹೆಗಲಿಂದೆಳೆದು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ನೆಲಕ್ಕೆ ನೆರಳು ಮಾಡಿದ. ಬೆನ್ನು ಬೆಂಕಿಯ ಕಡೆಗಿತ್ತು.

"ಎಂತ ಮಾಡ್ತಿದಾನೆ ಅವ?" ಎಂದಳು ಸೀತಕ್ಕ.

ಮೇಲೆ ಸುತ್ತುತ್ತಿದ್ದ ಹಕ್ಕಿಯೊಂದು ನೇರ ಕೆಳಗಿಳಿದು ಅವನ ನೆತ್ತಿಗೆ ಕುಕ್ಕಿತು. ಇನ್ನೊಂದು ಇಳಿಯಿತು. ಆಮೇಲೆ ಎಲ್ಲವೂ ಸರದಿಯಲ್ಲಿ ಇಳಿದು ಹೊಡೆಯತೊಡಗಿದವು. ಅವನು ತಲೆ ತಗ್ಗಿಸಿದ, ಕೈ ಇಳಿಸಲಿಲ್ಲ. ಗಾಳಿ ತಿರುಗಿ ಚಿತೆಯ ಹೊಗೆ ಅವನನ್ನು ಮುಚ್ಚಿತು. ಹೊಗೆ ಸರಿದಾಗ ಅವನ ತೋಳುಗಳು ನಡುಗುತ್ತಿದ್ದವು, ಬೈರಾಸು ಹಾಗೇ ಅಗಲವಾಗಿತ್ತು, ಅದರ ಬಿಳಿಯ ಮೇಲೆ ತಲೆಯಿಂದ ಒಂದೊಂದಾಗಿ ಕೆಂಪು ಹನಿ ಬೀಳುತ್ತಿತ್ತು.