ಮನೆಯಲ್ಲಿ ಓದಿಕೊಳ್ಳಿ

"ಬಟ್ಟೆ ತೆಗೀಬೇಡಿ, ಮೇಲಿಂದಲೇ ನೀರು ಹೊಯ್ಯುವ," ಎಂದು ಸಾತ್ವಿಕಾ ಹೇಳುವಷ್ಟರಲ್ಲಿ ವಾರಿಜ ಚಿಕ್ಕಮ್ಮನ ಕೈ ಆಸ್ಪತ್ರೆಯವರು ಸುತ್ತಿದ್ದ ಬಿಳಿ ಬಟ್ಟೆಯ ಗಂಟನ್ನು ಬಿಚ್ಚಿಯಾಗಿತ್ತು.

ಬಾವಿಕಟ್ಟೆಯ ಪಕ್ಕ ಹಳೆಯ ಸೀರೆಗಳನ್ನು ಕಟ್ಟಿ ಮರೆ ಮಾಡಿದ್ದರು. ಒಳಗೆ ಬಾಳೆಎಲೆಯ ಮೇಲೆ ಕಾಂತಿ ಟೀಚರ್ ಮಲಗಿದ್ದರು. ಕೊನೆಯ ಸ್ನಾನ ಮಾಡಿಸಲು ಮಗಳು ಸಾತ್ವಿಕಾ, ಕೊಕ್ಕಡದಿಂದ ಬಂದ ತಂಗಿ ವಾರಿಜ, ಪಕ್ಕದ ಮನೆಯ ಒಂದು ಮುದುಕಿ. ಬಟ್ಟೆಯ ಒಳಪದರವನ್ನು ಕಂಡ ವಾರಿಜ ಎತ್ತಿದ ಕೈಯನ್ನು ಹಾಗೆಯೇ ಹಿಡಿದುಕೊಂಡಳು.

"ಇದೆಂಥದು? ಭಾವ ಹಾರ್ಟ್ ಅಂದರಲ್ಲ?"

"ಹೆಣ್ಣು ಹೆಂಗಸಿನ ಮೈ. ಮುಚ್ಚು ಮಾರಾಯ್ತಿ," ಎಂದಳು ಮುದುಕಿ.

ಸಾತ್ವಿಕಾ ಚೆಂಬು ಬಗ್ಗಿಸಿದಳು. ನೀರು ತಿಳಿಗೆಂಪಾಗಿ ಇಳಿದು, ಕಲ್ಲಿನ ಸಂದಿಯಲ್ಲಿ ಹಾದಿ ಹುಡುಕಿಕೊಂಡು ಬಸಳೆ ಚಪ್ಪರದ ಬುಡಕ್ಕೆ ಹೋಯಿತು. ತಿಳಿಯಾಗುವ ತನಕ ಅವಳು ಹೊಯ್ಯುತ್ತಲೇ ಇದ್ದಳು.

ಹೊಸ ಸೀರೆ ಉಡಿಸಿ, ಅಮ್ಮನನ್ನು ಒಳಗೆ ದೀಪದ ಬಳಿ ಮಲಗಿಸಿದ ಮೇಲೆ ವಾರಿಜ ಅವಳನ್ನು ಪುನಃ ಬಾವಿಕಟ್ಟೆಗೆ ಕರೆದಳು.

"ಎಷ್ಟು ಸಮಯದಿಂದ ಇತ್ತು?"

"ಮಳೆಗಾಲದಿಂದ. ಮುಟ್ಟು ನಿಂತು ಎರಡು ವರ್ಷ ಆದ ಮೇಲೆ ಪುನಃ ಶುರುವಾದದ್ದು, ಚಿಕ್ಕಮ್ಮ. ಗರ್ಭಕೋಶದ್ದು. ಅಪ್ಪನಿಗೆ ಹೊರಗೆ ಹಾಗೆ ಹೇಳ್ಲಿಕ್ಕೆ ಮನಸ್ಸಿಲ್ಲ."

ವಾರಿಜ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಸೆರಗಿನ ಒದ್ದೆ ಹಿಂಡಿದಳು.

"ನನಗೂ ದೀಪಾವಳಿಯಿಂದ ಸ್ವಲ್ಪ ಸ್ವಲ್ಪ ಕಾಣ್ತದೆ. ನಿಂತದ್ದು ಯಾವಾಗಲೋ. ಉಷ್ಣ ಅಂತ ಎಣಿಸಿದ್ದು. ತಂಪಿಗೆ ಬೊಂಡದ ನೀರು ಕುಡೀತಾ ಇದ್ದೇನೆ."

"ಯಾರಿಗಾದರೂ ತೋರಿಸಿದ್ದೀರಾ?"

"ಅದನ್ನು ಎಂಥ ತೋರಿಸುವುದು?" ಎಂದವಳೇ ಸಾತ್ವಿಕಾಳ ಮಣಿಕಟ್ಟು ಹಿಡಿದಳು. "ಚಿಕ್ಕಪ್ಪನಿಗೆ ಹೇಳಬೇಡ. ಹದಿಮೂರನೇ ದಿನದ ಬೊಜ್ಜದ ಕಾರ್ಯ ಕಳೀಲಿ, ಆಮೇಲೆ ನೋಡುವ. ಒಳಗೆ ಮಲಗಿದ್ದಾಳಲ್ಲ, ಅವಳ ಆಣೆ ಉಂಟು ನಿನಗೆ."

*

ಸಾತ್ವಿಕಾ ಹತ್ತನೆಯ ತರಗತಿಯಲ್ಲಿ ಅಮ್ಮನ ಎದುರಿನ ಬೆಂಚಿನಲ್ಲೇ ಕುಳಿತು ಜೀವಶಾಸ್ತ್ರ ಕಲಿತವಳು. ತರಗತಿಯಲ್ಲಿ ಅವಳಿಗೂ ಅಮ್ಮ 'ಟೀಚರ್'.

ಕಾಂತಿ ಟೀಚರ ಪಾಠವೆಂದರೆ ಹೈಸ್ಕೂಲಿನಲ್ಲಿ ಹೆಸರುವಾಸಿ. ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಅವರು ಹೃದಯ ಬಿಡಿಸಿದರೆ ಮುಂದಿನ ಪೀರಿಯಡ್ಡಿನವರು ಒರೆಸಲು ಮನಸ್ಸಿಲ್ಲದೆ ಬೋರ್ಡಿನ ಮೂಲೆಯಲ್ಲಿ ಲೆಕ್ಕ ಮಾಡುತ್ತಿದ್ದರು. ಸಂತಾನೋತ್ಪತ್ತಿಯ ಪಾಠ ಬಂದಾಗ ಪ್ರತಿಯೊಬ್ಬರೂ ಒಂದೊಂದು ದಾಸವಾಳ ತರಬೇಕಿತ್ತು. ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಪರಾಗ ಎಲ್ಲಿ ಬೀಳುತ್ತದೆ, ನಳಿಕೆ ಹೇಗೆ ಇಳಿಯುತ್ತದೆ, ಅಂಡಾಶಯದೊಳಗೆ ಏನಾಗುತ್ತದೆ ಎಂದು ಬೆಂಚಿನಿಂದ ಬೆಂಚಿಗೆ ಬಗ್ಗಿ ತೋರಿಸುತ್ತಿದ್ದರು. ಹೂವು ಮುಗಿಯಿತು. ಟೀಚರ್ ಪುಸ್ತಕದ ಮುಂದಿನ ಹಾಳೆ ತಿರುವಿದರು, ಮತ್ತೊಂದನ್ನೂ ತಿರುವಿದರು.

"ಮನುಷ್ಯರದ್ದು ಸುಲಭ ಉಂಟು. ಮನೆಯಲ್ಲಿ ಓದಿಕೊಳ್ಳಿ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಟೀಚರ್ ಕೇಳಿಸದವರಂತೆ ಕಿಟಕಿಯ ಕಡೆ ತಿರುಗಿದರು. ಕುತ್ತಿಗೆಯ ಹಿಂಭಾಗ ಕೆಂಪಾಗಿದ್ದುದನ್ನು ಮಗಳು ಮಾತ್ರ ಕಂಡಳು. ಮನೆಯಲ್ಲಿ ಯಾರೂ ಓದಲಿಲ್ಲ. ಆ ಟೀಚರ ಸ್ವಂತ ಮನೆಯಲ್ಲೂ ಓದಲಿಲ್ಲ.

ಆಮೇಲೆ ಸಾತ್ವಿಕಾ ಮೂಡುಬಿದಿರೆ ಹತ್ತಿರದ ಮಿಜಾರಿನ ಹಾಸ್ಟೆಲು ಸೇರಿ ಪಿಯುಸಿಗೆ ವಿಜ್ಞಾನ ತೆಗೆದುಕೊಂಡಳು. ಅಲ್ಲಿಯ ಲೆಕ್ಚರರಿಗೆ ಅದೂ ಎಲ್ಲ ಪಾಠಗಳ ಹಾಗೆ ಒಂದು ಪಾಠ. ಹುಡುಗರು ಹುಡುಗಿಯರು ತುಂಬಿದ ಕ್ಲಾಸಿನಲ್ಲಿ ಗರ್ಭಕೋಶ ಬಿಡಿಸಿ, ಭಾಗಗಳನ್ನು ಗುರುತಿಸಿ, ನಡುವೆ ಪುಸ್ತಕದಲ್ಲಿಲ್ಲದ ಒಂದು ಮಾತನ್ನೂ ಸೇರಿಸಿದರು: ಮುಟ್ಟು ಪೂರ್ತಿ ನಿಂತ ಮೇಲೆ ಮತ್ತೆ ರಕ್ತ ಕಂಡರೆ ಕಾಯಬಾರದು, ಅಮ್ಮಂದಿರಿಗೆ ಹೇಳಿ. ಯಾರೂ ನಗಲಿಲ್ಲ. ಎಲ್ಲರೂ ಬರೆದುಕೊಂಡರು.

ಅಷ್ಟಮಿಯ ರಜೆಗೆ ಬಂದಾಗ, ಬೆಳಕು ಹರಿಯುವ ಹೊತ್ತಿಗೆ ಅಮ್ಮ ಬಾವಿಕಟ್ಟೆಯಲ್ಲಿ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ಸಾತ್ವಿಕಾ ನೋಡಿದಳು, ಕೇಳಿದಳು, ಲೆಕ್ಚರರ ಮಾತನ್ನೂ ಹೇಳಿದಳು.

"ನಾನೂ ಬಿಎಸ್ಸಿ ಓದಿದವಳೇ," ಎಂದಳು ಅಮ್ಮ.

"ಹಾಗಾದರೆ ಇವತ್ತೇ ಹೋಗುವ."

"ಎಲ್ಲಿಗೆ? ಬೆಳ್ತಂಗಡಿಯಲ್ಲಿ ನನ್ನ ಕ್ಲಾಸಿನಲ್ಲಿ ಕೂರದವರು ಯಾರುಂಟು? ಡಾಕ್ಟ್ರು ಹೆಂಗಸೇ ಇರಲಿ, ಚೀಟಿ ಬರೆಯುವವ ನನ್ನ ಸ್ಟೂಡೆಂಟ್. ಸ್ಕ್ಯಾನಿಂಗಿನವ ಸ್ಟೂಡೆಂಟ್. ಲ್ಯಾಬಿನಲ್ಲಿ ಇರುವವನಿಗೆ ನಾನು ಕಿವಿ ಹಿಂಡಿದ್ದುಂಟು. ಅವರ ಮುಂದೆ ಟೇಬಲಿನ ಮೇಲೆ ಮಲಗುವುದಾ?"

"ಮೂಡುಬಿದಿರೆಗೆ ಬಾ."

"ಅಲ್ಲಿಯೂ ಇದ್ದಾರೆ," ಎಂದು ಅಮ್ಮ ನಕ್ಕುಬಿಟ್ಟಳು. ನಗುತ್ತಲೇ ಒದ್ದೆ ಕೈಯಿಂದ ಮಗಳ ಕೈ ಹಿಡಿದಳು. "ಎಸ್ಸೆಸ್ಸೆಲ್ಸಿಯವರ ಪಾಠ ಒಂದು ಮುಗೀಲಿ. ಅಪ್ಪನಿಗೆ ಹೇಳಬೇಡ. ಆಣೆ."

ಸಾತ್ವಿಕಾ ಆಣೆ ಉಳಿಸಿಕೊಂಡಳು. ದಸರೆಯಲ್ಲೂ ಉಳಿಸಿಕೊಂಡಳು, ದೀಪಾವಳಿಯಲ್ಲೂ. ಜನವರಿಯಲ್ಲಿ ಅಮ್ಮ ಬೆಳಗಿನ ಪ್ರಾರ್ಥನೆಯ ಸಾಲಿನೆದುರು ಕುಸಿದಾಗ ಮಂಗಳೂರಿನ ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು, ಎಲ್ಲ ಕಡೆ ಹಬ್ಬಿದೆ ಎಂದರು. ಇಷ್ಟು ದಿನ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲವೇ ಎಂದೂ ಕೇಳಿದರು. ಅಪ್ಪ ಇಲ್ಲವೆಂದು ತಲೆಯಾಡಿಸಿದರು. ಸಾತ್ವಿಕಾ ಅಲ್ಲೇ ನಿಂತಿದ್ದಳು.

*

ಅಂಗಳದಲ್ಲಿ ಹೈಸ್ಕೂಲಿನ ಮಕ್ಕಳು ಯೂನಿಫಾರ್ಮಿನಲ್ಲೇ ಸಾಲು ನಿಂತು ಒಬ್ಬೊಬ್ಬರಾಗಿ ಒಳಗೆ ಹೋಗಿ ಬರುತ್ತಿದ್ದರು. ಅವರನ್ನು ಕರೆತಂದ ಕನ್ನಡ ಮಾಸ್ತರು ಚಿದಾನಂದರು ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ದಿನಾಲೂ ಟೀಚರನ್ನು ಶಾಲೆಗೆ ಬಿಡುತ್ತಿದ್ದ ರಿಕ್ಷಾದ ಹಾಜಬ್ಬ ಟೊಪ್ಪಿ ಸರಿ ಮಾಡಿಕೊಳ್ಳುತ್ತ ಪಕ್ಕದಲ್ಲಿ ನಿಂತಿದ್ದ.

"ಹೃದಯ ಬಿಡಿಸಿದರೆ ಅವರೇ ಬಿಡಿಸಬೇಕು," ಎಂದರು ಮಾಸ್ತರು. "ಅದೇ ಕೈಕೊಟ್ಟಿತು ನೋಡು."

"ನಾನು ಫೇಲಾದವ ಮಾಷ್ಟ್ರೆ. ಆದ್ರೂ ಆ ಚಿತ್ರ ಈಗಲೂ ಬಿಡಿಸ್ತೇನೆ. ಹೃದಯದ ಎಡಭಾಗವನ್ನು ಬಲಕ್ಕೆ ಯಾಕೆ ಬರೀಬೇಕು ಅಂತ ಮಾತ್ರ ಅರ್ಥ ಆಗ್ಲಿಲ್ಲ. ರಿಕ್ಷಾದಲ್ಲಿ ಎಷ್ಟು ಸಲ ಕೇಳಿದೆ. ಟೀಚರ್ ಪ್ರತೀ ಸಲ ಮೊದಲಿಂದ ಹೇಳ್ತಿದ್ರು."

ಅಂಗಳದ ತುದಿಯಲ್ಲಿ ಚಿತೆಗೆ ಸಾಗಿಸಲು ಮಾವಿನ ಕಟ್ಟಿಗೆ ಒಟ್ಟಿದ್ದರು. ಸಾತ್ವಿಕಾಳ ಅಪ್ಪ ಶಂಭು ಶೆಟ್ಟರು, ಬಸ್‌ಸ್ಟ್ಯಾಂಡಿನ ಬಳಿ ಹೋಟೆಲು ನಡೆಸುವವರು, ಬಂದವರಿಗೆಲ್ಲ ಅದೇ ಮಾತು ಹೇಳುತ್ತಿದ್ದರು: "ಹಾರ್ಟ್. ಎಂಥ ಮಾಡುವುದು." ಪಕ್ಕದಲ್ಲಿ ವಾರಿಜಳ ಗಂಡ ಚಿನ್ನಯ್ಯ.

"ಬೆಂಕಿ ಕೊಟ್ಟ ಕೂಡಲೇ ಹೊರಡ್ತೇವೆ ಭಾವ. ದನ ಕರೆಯುವವರಿಲ್ಲ. ಬೊಜ್ಜಕ್ಕೆ ಮೊದಲೇ ಬರ್ತೇವೆ."

ಸಾತ್ವಿಕಾ ಜಗಲಿಯ ಮೆಟ್ಟಿಲಿಳಿದು ಗಂಡಸರ ನಡುವೆ ಬಂದಳು.

"ಚಿಕ್ಕಪ್ಪ, ಅಮ್ಮನಿಗೆ ಹಾರ್ಟ್ ಅಲ್ಲ."

"ಸಾತ್ವಿಕಾ," ಎಂದರು ಶಂಭು ಶೆಟ್ಟರು.

"ಗರ್ಭಕೋಶದ ಕ್ಯಾನ್ಸರ್. ಮುಟ್ಟು ನಿಂತ ಮೇಲೆ ಪುನಃ ರಕ್ತ ಹೋಗ್ತಿತ್ತು. ನನಗೆ ಗೊತ್ತಿತ್ತು, ಹೇಳಬೇಡ ಅಂದಿದ್ದಳು, ನಾನು ಹೇಳಲಿಲ್ಲ." ಅವಳ ದನಿ ಪಾಠ ಒಪ್ಪಿಸುವ ಮಕ್ಕಳ ದನಿಯಂತೆ ಏರಿಳಿತವಿಲ್ಲದೆ ಬಂತು. "ಚಿಕ್ಕಮ್ಮನಿಗೂ ಹಾಗೇ ಹೋಗ್ತಾ ಉಂಟು. ದೀಪಾವಳಿಯಿಂದ."

ಸಾಲಿನಲ್ಲಿದ್ದ ಹುಡುಗರು ಕಾಲಬೆರಳು ನೋಡಿಕೊಂಡರು. ಚಿದಾನಂದ ಮಾಸ್ತರು ಕನ್ನಡಕ ತೆಗೆದು ಒರೆಸತೊಡಗಿದರು. ಹಾಜಬ್ಬ ಮಾತ್ರ ಅವಳನ್ನೇ ನೋಡುತ್ತಿದ್ದ.

"ಒಳಗೆ ಹೋಗು," ಎಂದರು ಅಪ್ಪ, ಮೆಲ್ಲಗೆ.

ಬಾಗಿಲಲ್ಲಿ ವಾರಿಜ ನಿಂತಿದ್ದಳು. "ನನ್ನ ಮಾನ ತೆಗೆದೆಯಲ್ಲ ಮಗಾ. ಅಕ್ಕ ಇನ್ನೂ ಮನೆಯಿಂದ ಹೊರಟಿಲ್ಲ." ಸೆರಗನ್ನು ಮುಖಕ್ಕೆ ಎಳೆದುಕೊಂಡು ಒಳಗೆ ಸರಿದಳು.

ಚಿನ್ನಯ್ಯ ಕಟ್ಟಿಗೆಯ ಒಂದು ಚೂರನ್ನು ಕಾಲಿನಿಂದ ಆಚೆ ಈಚೆ ಮಾಡಿದ. ಆಮೇಲೆ ಯಾರ ಮುಖವನ್ನೂ ನೋಡದೆ, "ಅದಕ್ಕೆ ಮದ್ದು ಉಂಟಾ?" ಎಂದು ಕೇಳಿದ.

"ಅದೇ ಆಗಿರಬೇಕು ಅಂತಿಲ್ಲ ಚಿಕ್ಕಪ್ಪ. ಆಗಿದ್ದರೂ ಬೇಗ ಹೋದರೆ ಉಂಟು. ಕಾಯಬಾರದು."

ಒಳಗಿಂದ ಕರೆ ಬಂತು. ಹೆಂಗಸರು ಕೊನೆಯ ತುಳಸಿ ನೀರು ಬಿಟ್ಟರು. ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟು ಗದ್ದೆಯ ಬದಿಗೆ ಇಳಿದರು. ಶಂಭು ಶೆಟ್ಟರು ಮಗಳ ಎದುರಿಂದಲೇ ಹಾದುಹೋದರು. ನೋಡಲಿಲ್ಲ. ಮಾವಿನ ಹಸಿ ಕಟ್ಟಿಗೆ ಹಿಡಿಯಲು ತಡವಾಯಿತು. ಹೊಗೆ ಮೊದಲು ನೆಲದಲ್ಲೇ ಹರಡಿ ಆಮೇಲೆ ಎದ್ದಿತು.

ಚಿನ್ನಯ್ಯ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಕೂದಲಲ್ಲೇ ಬಂದು ಓಮ್ನಿ ಚಾಲೂ ಮಾಡಿದ. ವಾರಿಜ ಮುಂದಿನ ಸೀಟು ಬಿಟ್ಟು ಹಿಂದೆ ಕುಳಿತಳು. ಜಗಲಿಯ ಕಂಬದ ಬಳಿ ನಿಂತ ಸಾತ್ವಿಕಾಳಿಗೆ ಹೇಳಿಹೋಗಲಿಲ್ಲ.

ಓಮ್ನಿ ಗೇಟಿನಲ್ಲಿ ನಿಂತಿತು. ಬಲಕ್ಕೆ ತಿರುಗಿದರೆ ಉಜಿರೆ, ಕೊಕ್ಕಡ, ಹಟ್ಟಿಯ ದನ. ಎಡಕ್ಕೆ ಹೋದರೆ ಬೆಳ್ತಂಗಡಿ, ಬಂಟ್ವಾಳ, ಮಂಗಳೂರಿನ ಆಸ್ಪತ್ರೆ. ಬಲಬದಿಯ ದೀಪ ಮಿನುಗತೊಡಗಿತು. ಚಾರ್ಮಾಡಿಯಿಂದಿಳಿದ ಲಾರಿಯೊಂದು ಹೋಯಿತು, ಬಸ್ಸು ಹೋಯಿತು, ರಸ್ತೆ ಖಾಲಿಯಾಯಿತು. ಓಮ್ನಿ ಕದಲಲಿಲ್ಲ. ಹಿಂದಿನ ಗಾಜಿನಲ್ಲಿ ಚಿಕ್ಕಮ್ಮನ ತಲೆ ಅಲ್ಲಾಡುವುದು ಕಂಡಿತು, ಬೇಡ ಬೇಡವೆಂದು. ಮುಂದಿನ ತಲೆ ಹಿಂದಕ್ಕೆ ತಿರುಗಿಕೊಂಡೇ ಇತ್ತು.

ಬಲದ ದೀಪ ಆರಿತು. ಓಮ್ನಿ ದೀಪವಿಲ್ಲದೆ ಹಾಗೆಯೇ ನಿಂತಿತ್ತು, ಹೊಗೆ ಅಂಗಳ ದಾಟಿ ಅದರ ಮೇಲೂ ಹಾದುಹೋಗುವಷ್ಟು ಹೊತ್ತು. ಆಮೇಲೆ ಎಡದ್ದು ಮಿನುಗಿತು.