ಅಕ್ತೋಶ್‌ನ ಪಾಲು

ಆಲಾಯ್ ಕಣಿವೆಯಲ್ಲಿ ಸೊಸೆಯಾದವಳು ಮಾವನ ಎದುರು ದನಿ ಎತ್ತುವಂತಿಲ್ಲ. ಬುರುಲ್ ಮದುವೆಯಾಗಿ ಬಂದಾಗಿನಿಂದ ಹೇಳಬೇಕಾದ್ದನ್ನೆಲ್ಲ ಅತ್ತೆಯ ಕಿವಿಗೆ ಹಾಕುತ್ತಿದ್ದಳು. ಅತ್ತೆ ಅದಕ್ಕೊಂದಿಷ್ಟು ಉಪ್ಪುಖಾರ ಹಚ್ಚಿ ಗಂಡನಿಗೆ ಮುಟ್ಟಿಸುತ್ತಿದ್ದಳು. ಹಾಗೇ ಸಂಸಾರ ಸಾಗಿತ್ತು.

ಹೋದ ಚಳಿಗಾಲದಲ್ಲಿ ಓಶ್ ಪಟ್ಟಣದ ಆಸ್ಪತ್ರೆಯಲ್ಲಿ ಬುರುಲ್‌ಳ ಲಿವರಿನಿಂದ ಸೇಬಿನ ಗಾತ್ರದ ನೀರುಗುಳ್ಳೆ ತೆಗೆದರು. ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು: ಕುರಿಯ ಲಿವರಿನಲ್ಲೂ ಇಂಥದೇ ಗುಳ್ಳೆ ಏಳುತ್ತದೆ. ಅದನ್ನು ತಿಂದ ನಾಯಿಯ ಹೊಟ್ಟೆಯಲ್ಲಿ ಹುಳು ಬೆಳೆಯುತ್ತದೆ. ಹುಳುವಿನ ಮೊಟ್ಟೆ ನಾಯಿಯ ಕೂದಲಿಗಂಟಿ ಮನುಷ್ಯರ ಕೈಗೆ, ಕೈಯಿಂದ ಬಾಯಿಗೆ ಬರುತ್ತದೆ. ಕೇಳುತ್ತಲೇ ಬುರುಲ್‌ಗೆ ಮಗನ ನೆನಪಾಯಿತು. ಅವಳ ನಾಲ್ಕು ವರ್ಷದ ಮಗ ಎರ್ಬೋಲ್, ಬೇಟೆನಾಯಿ ಅಕ್ತೋಶ್‌ನ ಕೊರಳು ತಬ್ಬಿಕೊಂಡೇ ಬೆಳೆದವನು! ಪುಣ್ಯಕ್ಕೆ, ಪರೀಕ್ಷೆ ಮಾಡಿಸಿದಾಗ ಮಗುವಿಗೆ ಏನೂ ಇರಲಿಲ್ಲ. ನಾಯಿಗೆ ಹುಳುವಿನ ಮಾತ್ರೆಯೂ ಸಿಕ್ಕಿತು. ಆದರೆ ಅದೇ ಲಿವರನ್ನು ಮತ್ತೆ ಮತ್ತೆ ತಿನ್ನಿಸುತ್ತಿದ್ದರೆ ಮಾತ್ರೆ ತಾನೇ ಏನು ಮಾಡೀತು?

ತಿನ್ನಿಸುತ್ತಿದ್ದವನು ಮಾವ ಸುಯುನ್‌ಬಾಯ್. ಊರಿನ ಯಾವ ಔತಣಕ್ಕೂ ಕುರಿ ಕೊಯ್ಯಲು ಅವನೇ ಬರಬೇಕು. ಗುಳ್ಳೆ ಎದ್ದದ್ದು ಕಂಡರೆ ಕತ್ತರಿಸಿ ನಾಯಿಗೆ ಎಸೆಯುತ್ತಿದ್ದ. ಅತ್ತೆಯ ಮೂಲಕ ಮಾತು ಮುಟ್ಟಿದಾಗ ನಕ್ಕುಬಿಟ್ಟ: "ನಮ್ಮಪ್ಪ ಎಸೆದ, ಅವರಪ್ಪ ಎಸೆದ. ಯಾರು ಸತ್ರು? ನಾಯಿ ಪಾಲು ನಾಯಿಗೆ!"

ಮಾವನ ಅಪ್ಪ ಹೊಟ್ಟೆನೋವಲ್ಲಿ ಒದ್ದಾಡಿಯೇ ಸತ್ತದ್ದು ಊರಿಗೆಲ್ಲ ಗೊತ್ತು.

ಕುರಿಗಳನ್ನು ಬೇಸಿಗೆಯ ಹುಲ್ಲುಗಾವಲಿಗೆ ಹತ್ತಿಸುವ ಮುಂಚೆ ಮನೆಯಲ್ಲಿ ಔತಣವಾಯಿತು. ಅಂಗಳದ ತುಂಬ ನೆಂಟರು. ಮಾವ ಟಗರಿನ ಹೊಟ್ಟೆ ಸೀಳಿ ಲಿವರು ಹೊರಗೆಳೆದ. ಅದರ ಮೇಲೆ ಬಿಳಿ ಗುಳ್ಳೆಗಳು ಉಬ್ಬಿಕೊಂಡಿದ್ದವು. ಅಕ್ತೋಶ್ ಬಾಲ ಅಲ್ಲಾಡಿಸಿತು. ಅದರ ಬೆನ್ನ ಮೇಲೆ ಎರ್ಬೋಲ್ ಕೆನ್ನೆಯಿಟ್ಟು ಮಲಗಿದ್ದ. ಮಾವ ಎಸೆಯಲು ಕೈ ಎತ್ತಿದ.

"ಎಸೀಬೇಡಿ ಮಾವಯ್ಯಾ!"

ಬುರುಲ್ ಓಡಿಬಂದು ಅವನ ಕೈಯಿಂದಲೇ ಲಿವರನ್ನು ಕಿತ್ತುಕೊಂಡಿದ್ದಳು.

ನೆರೆಮನೆಯ ಮುದುಕ ಶೇರಾಲಿ ಗಡ್ಡ ನೀವಿಕೊಂಡು ಕುಟುಕಿದ: "ಏನಯ್ಯಾ ಸುಯುನ್‌ಬಾಯ್, ನಿನ್ ಮನೇಲಿ ಯಾವಾಗಿಂದ ಸೊಸೇದು ದರ್ಬಾರು?"

ಬುರುಲ್ ಲಿವರನ್ನು ಮಾವನ ಮುಂದೆ ಹಿಡಿದಳು. "ನನ್ ಹೊಟ್ಟೆಯಿಂದ ತೆಗೆದಿದ್ದು ಇದೇ ಮಾವಯ್ಯ. ಬಾಟ್ಲಿಗೆ ಹಾಕಿ ತೋರಿಸಿದ್ರು. ನಾಳೆ ನಿಮ್ ಮೊಮ್ಮಗನ ಹೊಟ್ಟೇಲೂ ಬೆಳೀಬೇಕಾ?"

ಸುಯುನ್‌ಬಾಯ್ ಒಂದು ಗುಳ್ಳೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಸೊಸೆಯ ಮುಖ ನೋಡಿದ. ಅವನ ದನಿ ಉಡುಗಿಹೋಗಿತ್ತು. "ಹಂಗಾದ್ರೆ... ನಿಂಗೆ ಈ ಕಾಯಿಲೆ ಹಚ್ಚಿದ್ದು ನಾನೇ ಏನಮ್ಮಾ?"

"ಗೊತ್ತಿಲ್ದೆ ಆಗಿದ್ದು ಆಗೋಯ್ತು ಮಾವಯ್ಯ. ಗೊತ್ತಿದ್ದೂ ಆಗೋದು ಬೇಡ."

ಸುಯುನ್‌ಬಾಯ್ ಕತ್ತಿ ಕೆಳಗಿಟ್ಟು, ಗುದ್ದಲಿ ಹಿಡಿದು, ನೆಂಟರೆದುರೇ ಲಿವರು ಹೂಳಲು ಗುಂಡಿ ತೋಡತೊಡಗಿದ.

ಬೇಸಿಗೆ ಮುಗಿಯುವ ಹೊತ್ತಿಗೆ ಶೇರಾಲಿಯ ಮನೆಯಲ್ಲಿ ಮದುವೆ ಬಂತು. ಕುರಿ ತಂದು ನಿಲ್ಲಿಸಿದರೂ ಸುಯುನ್‌ಬಾಯ್ ಕತ್ತಿಯನ್ನು ಚೀಲದಿಂದ ತೆಗೆಯಲಿಲ್ಲ.

"ಮೊದ್ಲು ಗುಂಡಿ ತೋಡಿಸು. ಆಮೇಲೆ ಕುರಿ."

"ಥೂ, ಸೊಸೆ ಕುಣಿಸ್ದಂಗೆ ಕುಣೀತೀಯಲ್ಲೋ!"

"ಹೂಂ ಕಣೋ, ಕುಣೀತೀನಿ. ನಿಂಗೇನು ಕಷ್ಟ? ತೋಡು!"

ಶೇರಾಲಿ ಗೊಣಗುತ್ತಲೇ ಗುದ್ದಲಿ ತಂದು ನಾಲ್ಕೇಟು ಹಾಕಿ ನಿಲ್ಲಿಸಿದ. ಹೆಂಗಸರ ಜೊತೆ ಈರುಳ್ಳಿ ಹೆಚ್ಚುತ್ತಿದ್ದ ಬುರುಲ್ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಕೂಗಿದಳು: "ಅಷ್ಟು ಸಾಲ್ದು ಮಾವಯ್ಯಾ, ನಾಯಿ ಕೆದಕುತ್ತೆ!"

ಸುಯುನ್‌ಬಾಯ್ ಗೆಳೆಯನ ಕಡೆ ತಿರುಗಿದ. "ಕೇಳಿಸ್ತಾ? ಇನ್ನೂ ಆಳ."