ಎಡಮೂಲೆಗೆ ಚೆಂಡು ಕೊಡಬೇಡ

ನಮ್ಮ ಆಫೀಸಿನ ಯಜಮಾನರಿಗೆ ನಾನು ಮನಸ್ಸಿನಲ್ಲೇ ಇಟ್ಟಿರುವ ಹೆಸರು ಹಲ್ಲುಕಡ್ಡಿ. ಎದುರಿಗೆ ‘ಸರ್’ ಎನ್ನುತ್ತೇನೆ, ಅದೂ ಅರ್ಧ ಗಂಟಲಲ್ಲಿ. ಊಟ ಮುಗಿಸಿದವರೇ ನನ್ನ ಮೇಜಿಗೆ ಬಂದು, ಹಲ್ಲಿನ ಸಂದಿಯಿಂದ ಎಳೆದ ಕಡ್ಡಿಯಿಂದಲೇ ನನ್ನ ಪರದೆಯನ್ನು ಕುಟ್ಟಿ ಕುಟ್ಟಿ ತೋರಿಸುತ್ತಾರೆ. ಕಡ್ಡಿ ಇಲ್ಲದಿದ್ದರೆ ಕಿರುಬೆರಳು ಆ ಕೆಲಸ ಮಾಡುತ್ತದೆ. ಅವರು ಹೋದ ಮೇಲೆ ಪರದೆ ಒರೆಸಿ, ಒರೆಸಿದ ಕಾಗದವನ್ನು ಎರಡೇ ಬೆರಳಲ್ಲಿ ಹಿಡಿದು ಕಸದ ಬುಟ್ಟಿಗೆ ಎಸೆಯುತ್ತೇನೆ. ಗುರಿ ತಪ್ಪುವುದಿಲ್ಲ. ಎಷ್ಟಾದರೂ ಬಾಸ್ಕೆಟ್‌ಬಾಲ್ ಆಡಿದ ಅಕ್ಕನ ತಂಗಿ.

ನಾವು ಮಾಡುವುದು ಕಂಪ್ಯೂಟರಿನಲ್ಲಿ ಆಡುವ ಹೆಂಗಸರ ಬಾಸ್ಕೆಟ್‌ಬಾಲ್ ಆಟ. ಪ್ರತಿ ಆಟಗಾರ್ತಿಗೂ ಎರಡು ಅಂಕಿ ಕೊಡುವುದು ನನ್ನ ಕೆಲಸ. ಒಂದು ಪಾಲು: ತಂಡದ ನೂರು ಶಾಟ್‌ಗಳಲ್ಲಿ ಇವಳಿಗೆಷ್ಟು. ಇನ್ನೊಂದು ಕೈ: ಇವಳು ಎಸೆದದ್ದರಲ್ಲಿ ಎಷ್ಟು ಬುಟ್ಟಿಗೆ ಬೀಳುತ್ತವೆ. ಒಬ್ಬಳಿಗೇ ಪಾಲು ಸುರಿದರೆ ಅವಳು ದಣಿಯುತ್ತಾಳೆ, ಕೈ ಸೋಲುತ್ತದೆ, ತಂಡವೂ ಸೋಲುತ್ತದೆ. ಎಲ್ಲರಿಗೂ ಅಳೆದು ಸಮನಾಗಿ ಹಂಚಿದರೆ ಆಟ ಉಪ್ಪಿಲ್ಲದ ಸಾರು. ಇವೆರಡರ ನಡುವಿನ ಹದ ಹುಡುಕುತ್ತಾ ಯಾರೊಡನೆಯೂ ಮಾತಾಡದೆ ಮೂಲೆಯಲ್ಲಿ ಕೂತಿರಬಹುದು. ನನಗೆ ಹೇಳಿ ಮಾಡಿಸಿದ ಕೆಲಸ.

ಆ ಆಟಗಾರ್ತಿಯರಲ್ಲಿ ಒಬ್ಬಳ ಮೈ ನನ್ನ ಅಕ್ಕನದು. ಅಕ್ಕ ಶಾಲೆಯಲ್ಲಿ ಆಟದ ಟೀಚರ್. ಕಾಲೇಜಿನಲ್ಲಿ ಅಂಕಣದ ಎಡಮೂಲೆಯಿಂದ ಅವಳು ಎಸೆದರೆ ಚೆಂಡು ನೇರ ಬುಟ್ಟಿಗೆ, ಬೋರ್ಡಿಗೂ ಸದ್ದು ಕೇಳಿಸುತ್ತಿರಲಿಲ್ಲ. ಹೋದ ವರ್ಷ, ಮೈತುಂಬ ಬಿಳಿ ಗುಂಡು ಅಂಟಿಸಿದ ಕರಿ ಉಡುಪು ತೊಟ್ಟು, ಆಫೀಸಿನ ಹಿಂದಿನ ಶೆಡ್ಡಿನಲ್ಲಿ ಓಡಿ, ಹಿಡಿದು, ಎಸೆದು ತೋರಿಸಿದ್ದಳು. ಸುತ್ತಲಿನ ಕ್ಯಾಮೆರಾಗಳು ಅವಳ ಚಲನೆಯನ್ನೆಲ್ಲ ಹಿಡಿದುಕೊಂಡವು. “ಮೈಗೆಲ್ಲ ಸಿಡುಬು ಎದ್ದಂಗಿದೆ ಕಣೇ,” ಎಂದು ನಕ್ಕಿದ್ದಳು. ಪರದೆಯ ಮೇಲಿನ ಮುಖ ಬೇರೆ. ಆದರೆ ಎಸೆಯುವ ಮುಂಚಿನ ಆ ಪುಟ್ಟ ನೆಗೆತ, ಎಸೆದ ಮೇಲೂ ಗಾಳಿಯಲ್ಲೇ ಬಾಗಿ ನಿಲ್ಲುವ ಮಣಿಕಟ್ಟು ಅಕ್ಕನವೇ. ಅಮ್ಮ ಒಂದೇ ನೋಟಕ್ಕೆ “ಇದು ನಮ್ಮ ದೊಡ್ಡದು,” ಅಂದಿದ್ದರು.

“ನನ್ನ ಪಾಲು ಎಷ್ಟಿಟ್ಟಿದ್ದೀಯೇ?” ಎಂದು ಅಕ್ಕ ಕೇಳಿದ್ದಳು.

“ಇಪ್ಪತ್ತು.”

“ಬಿಡು, ಬಡಿಸೋಳು ನಮ್ಮೋಳೇ ಆದ್ಮೇಲೆ ಕೊನೇ ಪಂಕ್ತೀಲಿ ಕೂತ್ರೇನು.”

“ನಾನು ಹಾಗೆಲ್ಲ ಬಡಿಸಲ್ಲ ಅಕ್ಕ. ನಿನ್ನ ಕೈಗೆ ತಕ್ಕಷ್ಟೇ.”

ಶಾಲೆಯ ಹುಡುಗಿಯರಿಗೆಲ್ಲ ಅವಳು ಆಗಲೇ ಹೇಳಿಬಿಟ್ಟಿದ್ದಳು: ಆಟ ಬರಲಿ, ನನ್ನ ಶಾಟ್ ನೋಡುವಿರಂತೆ.

ಆಟ ಹೊರಬೀಳುವ ಹೊತ್ತಿಗೆ ಹಲ್ಲುಕಡ್ಡಿಗೆ ಜ್ಞಾನೋದಯವಾಯಿತು. ಆಟ ಮಾರುವ ಡಬ್ಬಿಯ ಮೇಲೆ ಚಿತ್ರವಿರುವ ಆಟಗಾರ್ತಿಯೇ ಅರ್ಧಕ್ಕರ್ಧ ಶಾಟ್ ಹೊಡೆಯಬೇಕಂತೆ. ಅವಳ ಪಾಲು ಏರಿಸಿದೆ. ಅರ್ಧ ಆಟಕ್ಕೇ ಅವಳು ಏದುಸಿರು ಬಿಟ್ಟಳು, ತಂಡ ಸೋತಿತು.

“ಇದೇನು, ಡಬ್ಬಿಯವಳೇ ಸೋಲ್ತಾಳೆ?”

“ಪಾಲು ಜಾಸ್ತಿಯಾಯ್ತು ಸರ್. ಎಡಮೂಲೆಗೆ ಸ್ವಲ್ಪ ಕೊಟ್ರೆ...”

“ಪಾಲು ಮುಟ್ಬೇಡ. ಎದುರು ಟೀಮಿನವರದ್ದೂ, ನಮ್ಮ ಉಳಿದ ನಾಲ್ಕು ಜನರದ್ದೂ ಕೈ ಕೆಡಿಸು. ಆಗ ಇವಳೇ ರಾಣಿ.”

ಕೆಡಿಸಿದೆ. ಅಕ್ಕನ ಅಂಕಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ, ಅದನ್ನೂ ಇಳಿಸಿದೆ. ಆಗೊಂದು ವಿಚಿತ್ರ ಕಾಣಿಸಿತು. ಶೆಡ್ಡಿನಲ್ಲಿ ನಾವು ಉಳಿಸಿಕೊಂಡಿದ್ದು ಅಕ್ಕನ ಒಳ್ಳೆಯ ಶಾಟ್‌ಗಳನ್ನು ಮಾತ್ರ. ಹಾಗಾಗಿ ಪರದೆಯಲ್ಲಿ ಅವಳು ಸರಿಯಾಗಿಯೇ ಎಸೆಯುತ್ತಾಳೆ. ಬುಟ್ಟಿಯ ಬಾಯಿಗೆ ಬಂದ ಚೆಂಡು ಮಾತ್ರ ಯಾರೋ ಕಪಾಳಕ್ಕೆ ಹೊಡೆದಂತೆ ಪಕ್ಕಕ್ಕೆ ಹಾರುತ್ತದೆ.

“ಸುಳ್ಳು ಅಂತ ಕಣ್ಣಿಗೇ ಹೊಡೀತಿದೆ,” ಎಂದರು ಹಲ್ಲುಕಡ್ಡಿ. “ನಿಮ್ಮಕ್ಕನ್ನ ಕರಿ. ಒಂದರ್ಧ ಗಂಟೆ ಕೆಟ್ಟದಾಗಿ ಎಸೆದು ಹೋಗ್ಲಿ.” ಕಡ್ಡಿಯನ್ನು ನನ್ನ ಟೀ ಕಪ್ಪಿಗೆ ಹಾಕಿ ಹೋದರು. ಕಪ್ಪಿನಲ್ಲಿ ಇನ್ನೂ ಟೀ ಇತ್ತು.

ಅಕ್ಕ ಬಂದಳು. ಗುಂಡು ಅಂಟಿಸಿಕೊಂಡು ನಿಂತಳು.

“ಕೆಟ್ಟದಾಗಿ ಅಂದ್ರೆ ಹೇಗೆ ಸರ್?”

“ಚೆಂಡು ಹಿಡಿದೇ ಗೊತ್ತಿಲ್ಲದವರ ಹಾಗೆ ಮೇಡಂ.”

ಅಕ್ಕ ನನ್ನ ಕಡೆ ನೋಡಿದಳು. ನಾನು ಕೀಲಿಮಣೆ ನೋಡಿದೆ. ಮೊದಲ ಕೆಲವು ಎಸೆತಗಳು ಅಭ್ಯಾಸಬಲದಿಂದ ಬಿದ್ದೇ ಬಿಟ್ಟವು. “ಬೀಳಬಾರದು ಮೇಡಂ, ಬೀಳಬಾರದು.” ಆಮೇಲೆ ಅವಳು ನೆಗೆಯುವುದನ್ನು ಬಿಟ್ಟಳು, ಮೊಣಕೈ ಹೊರಕ್ಕೆ ತಿರುಗಿಸಿದಳು. ಚೆಂಡು ಹೋಗಿ ತಗಡಿನ ಗೋಡೆಗೆ ಬಡಿಯಿತು. ಹಲ್ಲುಕಡ್ಡಿ ಚಪ್ಪಾಳೆ ತಟ್ಟಿದರು. “ಸೂಪರ್. ಈಗ ಮುಖ ಸ್ವಲ್ಪ ಪೆಚ್ಚಾಗಿ.”

ನಾನು ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದೆ.

“ಎಲ್ಲಿ, ತೋರಿಸು,” ಎಂದರು ಎಲ್ಲ ಮುಗಿದ ಮೇಲೆ. ಪರದೆ ಖಾಲಿ ಇತ್ತು.

“ರೆಕಾರ್ಡ್ ಒತ್ತಿಲ್ಲ ಸರ್.”

“ಮರೆತುಹೋಯ್ತಾ?”

“ಇಲ್ಲ. ಒತ್ತಲಿಲ್ಲ.”

ಆ ಆಫೀಸಿನಲ್ಲಿ ನಾನಾಡಿದ ಅತಿ ದೊಡ್ಡ ಮಾತು ಅದು. ಬಸ್ ಸ್ಟಾಪಿನಲ್ಲಿ ಅಕ್ಕ ಭುಜ ನೀವಿಕೊಳ್ಳುತ್ತಾ, “ಒತ್ತಲ್ಲ ಅಂತ ಮೊದಲೇ ಕಣ್ಣು ಹೊಡೀಬಾರ್ದಿತ್ತಾ ಮೂದೇವಿ, ಅರ್ಧ ಗಂಟೆ ದಂಡಕ್ಕೆ ಎಸೆದೆ,” ಎಂದು ಬೈದು, ನನ್ನ ಕೈ ಹಿಡಿದುಕೊಂಡಳು. ಬಸ್ ಬಂದರೂ ಬಿಡಲಿಲ್ಲ.

ಮರುದಿನ ನನ್ನನ್ನು ಬೇರೆ ಕೋಣೆಗೆ ಹಾಕಿದರು. ಆಟದ ಸೂಚನೆಗಳನ್ನು ಟೈಪ್ ಮಾಡುವ ಕೆಲಸ. ಆ ವಾರ ಶೆಡ್ಡಿನಿಂದ ಚೆಂಡಿನ ಸದ್ದು, ನಗು ಕೇಳಿಸುತ್ತಿತ್ತು. ಯಾರು ಆಡುತ್ತಿದ್ದಾರೆಂದು ಕೇಳುವ ಧೈರ್ಯವಾಗಲಿಲ್ಲ.

ಮುಗಿದ ಆಟವನ್ನು ನಾನು ನೋಡಿದ್ದು ಮನೆಯಲ್ಲಿ, ಭಾನುವಾರ. ಅಮ್ಮ ಬಟಾಣಿ ಬಿಡಿಸುತ್ತಿದ್ದರು. ಹುಡುಗಿಯರಿಗೆ ತೋರಿಸುವ ಮುಂಚೆ ತಾನೊಮ್ಮೆ ನೋಡುತ್ತೇನೆಂದು ಅಕ್ಕ ಆಡಲು ಕೂತಳು. ಪರದೆಯ ಅಕ್ಕ ಎಡಮೂಲೆಗೆ ಓಡಿದಳು. ಅಕ್ಕನ ಓಟವೇ. ಕೈಯೆತ್ತಿ ಚೆಂಡು ಹಿಡಿದಳು. ಅಕ್ಕನ ಹಿಡಿತವೇ. ಎಸೆಯಬೇಕು ಎನ್ನುವಾಗ ಮೈ ಜೋತುಬಿತ್ತು. ಹೊಟ್ಟೆ ಮುಂದೆ ಬಂತು, ಮೊಣಕೈಗಳು ಅಗಲವಾದವು. ಹಿತ್ತಲಿಗೆ ಮುಸುರೆ ನೀರು ಚೆಲ್ಲುವವರಂತೆ ಚೆಂಡನ್ನು ಚೆಲ್ಲಿದಳು. ಅದು ಬೀಳಲಿಲ್ಲ. ಆಮೇಲೆ, ತಿರುಗಿ ಓಡುವ ಮೊದಲು, ಕಿರುಬೆರಳನ್ನು ಬಾಯಿಗಿಟ್ಟು ಹಲ್ಲು ಕುಕ್ಕಿಕೊಂಡಳು.

“ಇವಳ್ಯಾಕೆ ಹಲ್ಲು ಕುಕ್ಕೊಳ್ತಾಳೆ?” ಎಂದರು ಅಮ್ಮ.

ಶೆಡ್ಡಿನಲ್ಲಿ ಆ ಕರಿ ಉಡುಪು ತೊಟ್ಟವರು ಯಾರೆಂದು ನಾನು ಅಕ್ಕನಿಗೆ ಹೇಳಬೇಕಾಗಿ ಬರಲಿಲ್ಲ; ಆ ಕಿರುಬೆರಳನ್ನು ಅವಳೂ ಅಂದು ನೋಡಿದ್ದಳು. ಅವಳು ತನ್ನ ತೋಳನ್ನು ಲಂಗಕ್ಕೆ ಒರೆಸಿಕೊಂಡಳು, ಅಲ್ಲೇನೋ ಅಂಟಿದೆ ಎಂಬಂತೆ. ಮತ್ತೆ ಆಟಕ್ಕೆ ಕೈಹಾಕಿದಳು. ಈಗ ಚೆಂಡು ಎಲ್ಲಿಂದ ಬಂದರೂ ಡಬ್ಬಿಯವಳಿಗೇ ಕೊಟ್ಟಳು. ಮತ್ತೆ ಅವಳಿಗೇ. ಮತ್ತೂ ಅವಳಿಗೇ.

“ಅಕ್ಕ, ಎಡಮೂಲೆ ಖಾಲಿಯಿದೆ.”

“ಗೊತ್ತು. ಅಲ್ಲಿಗೆ ಕೊಟ್ರೆ ಅವನು ಬರ್ತಾನೆ.”

ತಂಡ ಗೆದ್ದಿತು. ಡಬ್ಬಿಯವಳ ಪಾಲು ಅರ್ಧ ದಾಟಿತ್ತು. ಹಲ್ಲುಕಡ್ಡಿಗೆ ಬೇಕಾಗಿದ್ದೂ ಅಷ್ಟೇ, ಬಡಿಸಿದವಳು ಅಕ್ಕ. ಎಡಮೂಲೆಯಲ್ಲಿ ಅವಳ ಮೈಯವಳು ಕೊನೆಯವರೆಗೂ ಎರಡು ಕೈಯೆತ್ತಿ ಚೆಂಡು ಕೇಳುತ್ತಲೇ ನಿಂತಿದ್ದಳು. ನಾವಿಬ್ಬರೂ ಅತ್ತ ನೋಡಲಿಲ್ಲ.